ಹಿರಿಯ ಸೊಸೆಯ ಕೈಗುಣ

೧೯೮೯ರ ಅಕ್ಟೋಬರ್ ೧೫, ಭಾನುವಾರ. ನನ್ನ ಆ ವರ್ಷದ ಡೈರಿಯಲ್ಲಿ ಈ ದಿನಕ್ಕೆ ಜಾಗ ಸಾಲದೆ ಬರವಣಿಗೆ ಸೋಮವಾರದ ಪುಟಕ್ಕೂ ಹರಿದಿದೆ. ಮೊದಲ ಸಾಲು ಒಂದು ಪ್ರಶ್ನೆ.

"ತಪ್ಪು ಕಂಡವರು ಅದನ್ನು ಸುಮ್ಮನೆ ಸರಿಮಾಡಿಬಿಟ್ಟರೆ ಸಾಲದೇ ಅಮ್ಮ? ಬಾಯಿಬಿಟ್ಟು ಹೇಳಲೂ ಬೇಕೆ?"

ಕೇಳಿದವಳು ಸರ್ವಮಂಗಳಾ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಇನ್ನೊಬ್ಬರ ಎಡವಟ್ಟನ್ನು ಸದ್ದಿಲ್ಲದೆ ತಿದ್ದಿಬರುವವಳು ಎಂದು ಅವಳಿಗೆ ಹೆಸರಿತ್ತು. ಪ್ರಶ್ನೆ ಕೇಳಿಸಿಕೊಂಡವರು ಅಲಮೇಲಮ್ಮನವರು. ತುಮಕೂರಿನಲ್ಲಿ ನನಗೆ ಬಿ.ಎಸ್ಸಿ.ಗೆ ಭೌತಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಜಗಲಿಯಲ್ಲಿ ನಮ್ಮಂಥ ಕೆಲವರಿಗೆ ಶ್ಲೋಕ ಓದಿಸಿ ಅರ್ಥ ಹೇಳುತ್ತಿದ್ದರು.

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಒಂದು ಮನೆಯಲ್ಲಿ ಓವನ್ ಕೆಟ್ಟಿತ್ತು. ಅದರ ಕತೆ ಹೇಳುತ್ತೇನೆ" ಎಂದರು.

"ಓವನ್ನೇ?" ಎಂದು ಯಾರೋ ನಕ್ಕರು.

"ಹೂಂ ಕಣಮ್ಮ. ಋಷಿಗಳ ಕಾಲದಲ್ಲಿ ಇರಲಿಲ್ಲ, ಅದಕ್ಕೇ ಅವರು ಹೇಳಲಿಲ್ಲ" ಎಂದರು.

ಕತೆಯನ್ನು ಅವರು ಹೇಳಿದಂತೆಯೇ ಬರೆದುಕೊಂಡಿದ್ದೇನೆ.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ದೊಡ್ಡದೊಂದು ಕರೆಂಟ್ ಓವನ್ ಇತ್ತು. ಪ್ರತಿ ದೀಪಾವಳಿಗೆ ಅವನ ಹೆಂಡತಿ ಅದರಲ್ಲಿ ಬೆಣ್ಣೆ ಬಿಸ್ಕತ್ತು ಮಾಡುತ್ತಿದ್ದಳು. ಬಿಸ್ಕತ್ತಿನ ಡಬ್ಬಗಳು ನೆಂಟರ ಮನೆಗೂ ಅಂಗಡಿಯ ಖಾಯಂ ಗಿರಾಕಿಗಳ ಮನೆಗೂ ಹೋಗುತ್ತಿದ್ದವು. ಬಿಸ್ಕತ್ತು ಹದವಾಗಿ ಬಂದ ವರ್ಷ ವ್ಯಾಪಾರವೂ ಹದವಾಗಿರುತ್ತದೆ ಎಂದು ಮನೆಯವರ ನಂಬಿಕೆ. ಬಲಿಪಾಡ್ಯಮಿಯ ಬೆಳಿಗ್ಗೆ ಅಂಗಡಿಯಲ್ಲಿ ವರ್ಷದ ಬೋಣಿ, ಅಂದರೆ ಮೊದಲ ಮಾರಾಟ. ಬಿಸ್ಕತ್ತು ಮಾಡಿದ ಕೈಯೇ ಬೋಣಿಯ ಬಟ್ಟೆಯನ್ನೂ ಅಳೆದು ಕೊಡಬೇಕು. ಇದು ಆ ಮನೆಯ ಪದ್ಧತಿ.

ಹಿರಿಯ ಮಗನಿಗೆ ಮದುವೆಯಾಯಿತು. ಸೊಸೆ ಬಂದಳು. ದಸರೆ ಕಳೆದ ಮೇಲೆ ಅತ್ತೆ ಅವಳನ್ನು ಓವನ್ನಿನ ಮುಂದೆ ನಿಲ್ಲಿಸಿದಳು. "ಈ ವರ್ಷದಿಂದ ಇದು ನಿನ್ನ ಕೈಯದು. ಬೋಣಿಯೂ ನಿನ್ನದೇ" ಎಂದಳು.

ಸೊಸೆ ಅತ್ತೆ ಹೇಳಿದ ಅಳತೆಯಲ್ಲೇ ಹಿಟ್ಟು ಕಲಸಿದಳು. ಅತ್ತೆ ಹೇಳಿದಷ್ಟಕ್ಕೇ ಗುಂಡಿ ತಿರುಗಿಸಿದಳು. ಓವನ್ ಕಾದಿದೆ ಎನ್ನುವುದಕ್ಕೆ ಕೆಂಪು ದೀಪ ಆರಬೇಕು. ದೀಪ ಆರಿತು. ತಟ್ಟೆ ಒಳಗಿಟ್ಟಳು. ಹೊತ್ತು ಮುಗಿದ ಮೇಲೆ ತೆಗೆದರೆ ಬಿಸ್ಕತ್ತು ಬಿಳಿಚಿಕೊಂಡು ಕೂತಿತ್ತು. ಮೇಲೆ ಬೆಣ್ಣೆ ಒಸರಿತ್ತು, ಒಳಗೆ ಹಸಿ ಹಿಟ್ಟು. ಮತ್ತೊಂದು ತಟ್ಟೆ ಇಟ್ಟಳು. ಅದೂ ಹಾಗೆಯೇ ಬಂತು.

ಮೊದಲು ಕರೆಂಟನ್ನು ದೂರಿದರು. ಪಕ್ಕದ ಮನೆಯ ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು. ಆಮೇಲೆ ಮೈದಾ ಹಿಟ್ಟನ್ನು ದೂರಿದರು. ಬೇರೆ ಅಂಗಡಿಯ ಹಿಟ್ಟೂ ಬೇಯಲಿಲ್ಲ. ರಿಪೇರಿಯವನು ಬಂದ. ಹಿಂದಿನ ತಗಡು ಬಿಚ್ಚಿ ಕೆಳಗಿನ ಕಾಯಿಲ್ ಬದಲಾಯಿಸಿ ಹೋದ. ಮುಂದಿನ ಬಾಗಿಲು ತೆರೆದು ಒಳಗೆ ಇಣುಕಲಿಲ್ಲ. ಹೊಸ ಕಾಯಿಲ್ ಹಾಕಿದ ಮೇಲೂ ಬಿಸ್ಕತ್ತು ಬಿಳಿಚಿಕೊಂಡೇ ಬಂತು.

"ಹಿಟ್ಟು ಅದೇ, ಬೆಣ್ಣೆ ಅದೇ, ಓವನ್ನೂ ಅದೇ. ಬದಲಾಗಿರೋದು ಕೈ ಒಂದೇ" ಎಂದಳು ಅತ್ತೆ.

ಅತ್ತೆಯ ತರ್ಕದಲ್ಲಿ ತಪ್ಪಿರಲಿಲ್ಲ. ಎಣಿಕೆಯಲ್ಲಿ ಒಂದು ವಸ್ತು ಬಿಟ್ಟುಹೋಗಿತ್ತು, ಅಷ್ಟೆ.

ಆ ವರ್ಷ ಬಿಸ್ಕತ್ತನ್ನು ಬೇಕರಿಯಿಂದ ತರಿಸಿದರು. ಬಲಿಪಾಡ್ಯಮಿಯ ದಿನ ಅತ್ತೆಯೇ ಬಟ್ಟೆ ಅಳೆದಳು. ಸೊಸೆ ಗೋಡೆಯ ಪಕ್ಕ ನಿಂತು ನೋಡಿದಳು. ಗಿರಾಕಿಯ ಹೆಂಗಸೊಬ್ಬಳು, "ಯಾಕಮ್ಮ, ಹೊಸ ಸೊಸೆ ಕೈಗೆ ಗಜಕಡ್ಡಿ ಭಾರವೇ?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟಿದ್ದರೆ ಸೊಸೆಗೆ ಅಷ್ಟು ನೋವಾಗುತ್ತಿರಲಿಲ್ಲ.

ಸ್ವಲ್ಪ ದಿನದ ಮೇಲೆ ಮನೆಯವರೆಲ್ಲ ಪರವೂರಿನ ಮದುವೆಗೆ ಹೊರಟರು. ಮನೆ ನೋಡಿಕೊಳ್ಳಲು ಒಬ್ಬರು ಬೇಕೆಂದು ಅವಳನ್ನೇ ಬಿಟ್ಟರು. ಯಾಕೆಂದು ಅವಳಿಗೆ ಗೊತ್ತಿತ್ತು. ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಒಂದು ಕುತೂಹಲ ಹುಟ್ಟಿತು. ತಪ್ಪು ನನ್ನ ಕೈಯದೇ ಆದರೆ, ನನ್ನ ಕೈ ಸೋಕದಿದ್ದಾಗ ಈ ಓವನ್ ಏನು ಮಾಡುತ್ತದೆ?

ಅವಳು ಹಿಟ್ಟು ಕಲಸಲಿಲ್ಲ. ಓವನ್ನನ್ನು ಬರಿದಾಗಿ ಹಚ್ಚಿದಳು. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಕೆಂಪು ದೀಪ ಹೊತ್ತಿತು. ಅವಳು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಆರಿತು. ಬಾಗಿಲು ತೆರೆದು ಅಂಗೈ ಒಡ್ಡಿದಳು. ಬಿಸಿಲಿಗಿಟ್ಟ ಕೊಳಗದಷ್ಟು ಬೆಚ್ಚಗಿತ್ತು. ಬಿಸ್ಕತ್ತು ಬೇಯುವ ಕಾವು ಅದಲ್ಲ.

ಬ್ರೆಡ್ಡಿನ ತುಂಡುಗಳನ್ನು ತಟ್ಟೆಯ ಮೂಲೆ ಮೂಲೆಗೂ ಇಟ್ಟು ನೋಡಿದಳು. ಒಂದು ಮೂಲೆ ಕೆಂಪಾಗಿ ಇನ್ನೊಂದು ಬಿಳಿಯಾಗಿದ್ದರೆ ಯಾವುದೋ ಒಂದು ಕಾಯಿಲ್ ಕೆಟ್ಟಿದೆ ಎನ್ನಬಹುದಿತ್ತು. ಎಲ್ಲ ತುಂಡುಗಳೂ ಒಂದೇ ಸಮ ಬಿಳಿಯಾಗಿದ್ದವು. ದೀಪ ಹೊತ್ತಿದ್ದಾಗ ಬಾಗಿಲ ಗಾಜಿನಿಂದ ನೋಡಿದಳು. ಮೇಲಿನ ಕಾಯಿಲ್ ಕೆಂಪಾಗತೊಡಗುತ್ತಿತ್ತು, ಕೆಳಗಿನದೂ ಕೆಂಪಾಗತೊಡಗುತ್ತಿತ್ತು. ಅಷ್ಟರಲ್ಲಿ ಎರಡೂ ಕಪ್ಪಾಗುತ್ತಿದ್ದವು.

ಹಾಗಾದರೆ ಓವನ್ನಿಗೆ ಕಾಯಲು ಬರುತ್ತದೆ. ಸಾಕು ಎಂದು ಯಾರೋ ಅದಕ್ಕೆ ಬೇಗ ಹೇಳುತ್ತಿದ್ದಾರೆ. ಹೇಳುತ್ತಿರುವವರು ಯಾರು?

ಅವಳು ಪ್ಲಗ್ ಕಿತ್ತಳು. ಪೂರ್ತಿ ತಣ್ಣಗಾಗಲು ಬಿಟ್ಟಳು. ಟಾರ್ಚ್ ಹಿಡಿದು ತಲೆ ಬಗ್ಗಿಸಿ ಒಳಗೆ ನೋಡಿದಳು. ಪಕ್ಕದ ಗೋಡೆಯ ಮೇಲೆ ಒಂದು ತಗಡಿನ ಕ್ಲಿಪ್ಪಿತ್ತು. ಅದು ಬಾಯಿ ಬಿಟ್ಟುಕೊಂಡು ಖಾಲಿ ಇತ್ತು. ಅದರಲ್ಲಿ ಇರಬೇಕಾಗಿದ್ದ ತಾಮ್ರದ ಕಡ್ಡಿ ಜೋತುಬಿದ್ದು ಕೆಳಗಿನ ಕಾಯಿಲ್ಲಿಗೆ ಒರಗಿಕೊಂಡಿತ್ತು. ಓವನ್ ಎಷ್ಟು ಕಾದಿದೆ ಎಂದು ಗುಂಡಿಗೆ ತಿಳಿಸುವುದು ಆ ಕಡ್ಡಿಯ ಕೆಲಸ. ಕಡ್ಡಿ ಗೋಡೆಯ ಮೇಲಿದ್ದರೆ ಒಳಗಿನ ಗಾಳಿಯ ಕಾವನ್ನು ಹೇಳುತ್ತದೆ. ಕಾಯಿಲ್ಲಿಗೆ ಒರಗಿದ್ದರೆ ಕಾಯಿಲ್ಲಿನ ಕಾವನ್ನಷ್ಟೇ ಹೇಳುತ್ತದೆ. ಓವನ್ ತಣ್ಣಗೆ ಇದ್ದುಕೊಂಡೇ ತಾನು ಕಾದುಹೋದೆ ಎಂದು ತಿಳಿದಿತ್ತು.

ಕಡ್ಡಿಯ ಕುತ್ತಿಗೆಯಲ್ಲಿ ಒಂದು ದಾರದ ಗಂಟಿತ್ತು. ಸುಟ್ಟು ಕರಿಯಾಗಿತ್ತು. ಒಂದು ಎಳೆ ಮಾತ್ರ ಇನ್ನೂ ಹಳದಿಯಾಗಿತ್ತು.

ಆ ದಾರ ಅವಳಿಗೆ ಗುರುತು ಸಿಕ್ಕಿತು. ಆಯುಧಪೂಜೆಯ ದಿನ ಅತ್ತೆ ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಗಜಕಡ್ಡಿಗೆ, ಓವನ್ನಿಗೆ ಅರಿಶಿನದ ದಾರದಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. ಓವನ್ನಿಗೆ ಕಟ್ಟುತ್ತಿದ್ದುದು ಬಾಗಿಲ ಹಿಡಿಗೆ. ಆ ವರ್ಷ ಹಿಡಿ ಮುರಿದು ಗುಂಡನೆಯ ಮರದ ಹಿಡಿ ಹಾಕಿಸಿದ್ದರು. ಅದಕ್ಕೆ ಕಟ್ಟಿದ ಹೂವು ಜಾರಿ ಜಾರಿ ಬಿತ್ತು. ಪೂಜೆಯ ಹೂವು ನೆಲಕ್ಕೆ ಬೀಳಬಾರದು. ಅತ್ತೆ ಬಾಗಿಲು ತೆರೆದು ಒಳಗೆ ನೋಡಿದಳು. ಕಟ್ಟಲು ತಕ್ಕದ್ದಾಗಿ ಕಂಡದ್ದು ಆ ತಾಮ್ರದ ಕಡ್ಡಿ ಒಂದೇ. "ಇದೇ ಇದರ ಕೊರಳು" ಎಂದು ಹೇಳಿಕೊಂಡು ಕಟ್ಟಿದಳು. ಮಾರನೆಯ ದಿನ ಬಾಡಿದ ಹೂವನ್ನು ಎಳೆದು ತೆಗೆದಳು. ಹೂವು ಕೈಗೆ ಬಂತು, ಗಂಟು ಉಳಿಯಿತು, ಕಡ್ಡಿ ಕ್ಲಿಪ್ಪಿನಿಂದ ಹೊರಬಂತು.

ಆ ವರ್ಷವೇ ಹಿಡಿ ಬದಲಾಗಿತ್ತು. ಆ ವರ್ಷವೇ ಸೊಸೆ ಬಂದಿದ್ದಳು. ಮನೆಯವರ ಕಣ್ಣಿಗೆ ಬಿದ್ದದ್ದು ಸೊಸೆ ಮಾತ್ರ.

ಅವಳು ಗಂಟನ್ನು ಕತ್ತರಿಸಿದಳು. ಕಡ್ಡಿಯನ್ನು ಮಡಿಯದ ಹಾಗೆ ಮೆಲ್ಲಗೆ ಎತ್ತಿ ಕ್ಲಿಪ್ಪಿನೊಳಗೆ ಕೂರಿಸಿದಳು. ಇಕ್ಕಳದಿಂದ ಕ್ಲಿಪ್ಪಿನ ಬಾಯಿ ಅದುಮಿದಳು. ಮತ್ತೆ ಪ್ಲಗ್ ಹಾಕಿ ಬ್ರೆಡ್ಡು ಇಟ್ಟಳು. ಬ್ರೆಡ್ಡು ಎಲ್ಲ ಮೂಲೆಯಲ್ಲೂ ಹೊಂಬಣ್ಣಕ್ಕೆ ಬಂತು. ಯಾರೂ ಇಲ್ಲದ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕಳು.

ನಕ್ಕ ಮೇಲೆ ಯೋಚನೆ ಬಂತು. ಇದನ್ನು ಅತ್ತೆಗೆ ಹೇಳಿದರೆ ಪೂಜೆಯಲ್ಲೇ ತಪ್ಪು ಹುಡುಕಿದಂತೆ. ಬಂದು ವರ್ಷ ತುಂಬದ ಸೊಸೆಗೆ ಅಷ್ಟು ಬಾಯಿ ಇರಬಾರದು. ಓವನ್ ಸರಿಯಾಯಿತಲ್ಲ, ಮಾತು ಯಾಕೆ? ಹೀಗೆಂದುಕೊಂಡು ಸುಮ್ಮನಾದಳು.

ಮನೆಯವರು ಮದುವೆ ಮುಗಿಸಿ ಬಂದಾಗ ತಟ್ಟೆಯಲ್ಲಿ ಬಿಸ್ಕತ್ತಿತ್ತು. ಅತ್ತೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಎರಡನೆಯದನ್ನೂ ತಿಂದಳು.

"ನೋಡ್ರೀ, ಕೈ ಪಳಗಿತು" ಎಂದು ಗಂಡನಿಗೆ ಹೇಳಿದಳು.

ಆ ದಿನದಿಂದ ಸೊಸೆಯ ಕೈಗುಣದ ಮಾತು ಹಬ್ಬಿತು. ಅಂಗಡಿಗೆ ಹೊಸ ಸೀರೆಯ ಗಂಟು ಬಂದರೆ ಅವಳೇ ಬಿಚ್ಚಬೇಕು. ಪಕ್ಕದ ಮನೆಯವರು ಹೊಸ ರುಬ್ಬುವ ಯಂತ್ರ ತಂದಾಗ ಮೊದಲ ಹಿಡಿ ಅಕ್ಕಿ ಹಾಕಲು ಅವಳನ್ನೇ ಕರೆದರು. ಎದುರು ಮನೆಯ ಮಗುವಿಗೆ ಮೊದಲ ತುತ್ತು ಅವಳ ಕೈಯಿಂದಲೇ ತಿನ್ನಿಸಿದರು. ಮೊದಮೊದಲು ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಆಮೇಲೆ ನಗು ಬರುವುದು ನಿಂತಿತು. ಒಮ್ಮೊಮ್ಮೆ ಒಬ್ಬಳೇ ಇದ್ದಾಗ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಮುಂದಿನ ವರ್ಷ ಎರಡನೆಯ ಮಗನಿಗೆ ಮದುವೆಯಾಯಿತು. ಕಿರಿಯ ಸೊಸೆ ಬಂದಳು. ವ್ಯಾಪಾರಿ ಪೇಟೆಯಲ್ಲಿ ಆ ಮಗನಿಗೆಂದು ಇನ್ನೊಂದು ಅಂಗಡಿ ಹಿಡಿದಿದ್ದ. ಬಲಿಪಾಡ್ಯಮಿಗೆ ಅದು ತೆರೆಯಬೇಕು. ಪದ್ಧತಿಯಂತೆ ಕಿರಿಯವಳು ಬಿಸ್ಕತ್ತು ಮಾಡಿ ಅಲ್ಲಿಯ ಬೋಣಿ ಮಾಡಬೇಕು.

ಆಯುಧಪೂಜೆ ಬಂತು. ಅತ್ತೆ ಓವನ್ನಿನ ಬಾಗಿಲು ತೆರೆದು ಕಡ್ಡಿಗೆ ಹೂವು ಕಟ್ಟಿದಳು. ಹಿರಿಯ ಸೊಸೆ ಅಲ್ಲೇ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು. ನೋಡಿದಳು. ಹೂವು ತೆಗೆದ ಮೇಲೆ ಕಡ್ಡಿ ಸರಿಮಾಡಿದರಾಯಿತು ಎಂದುಕೊಂಡಳು. ಹೂವು ತೆಗೆದದ್ದೂ ಆಯಿತು. ಅವಳು ಕಡ್ಡಿ ಸರಿಮಾಡಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ಅವಳಿಗೇ ತಿಳಿಯಲಿಲ್ಲ.

ಕಿರಿಯವಳ ತಟ್ಟೆ ಹೊರಗೆ ಬಂದಾಗ ಬಿಸ್ಕತ್ತು ಬಿಳಿಚಿಕೊಂಡಿತ್ತು. ಮೇಲೆ ಬೆಣ್ಣೆ ಒಸರಿತ್ತು.

ಅತ್ತೆ ನಿಟ್ಟುಸಿರು ಬಿಟ್ಟಳು. "ಹೋಗಲಿ ಬಿಡು. ಎಲ್ಲರ ಕೈಯೂ ಒಂದೇ ಥರ ಇರುತ್ತಾ? ಹೊಸ ಅಂಗಡಿ ಬೋಣಿನೂ ಹಿರಿಯವಳೇ ಮಾಡಲಿ" ಎಂದಳು. ಮಾತು ಮೃದುವಾಗಿತ್ತು. ಆದರೆ ಮಾತು ಮುಗಿದಿತ್ತು.

ಗಂಡನ ಅಂಗಡಿ ತೆರೆಯುವ ದಿನ ಕಿರಿಯವಳು ಗೋಡೆಯ ಪಕ್ಕ ನಿಲ್ಲಬೇಕು. ಆ ಜಾಗ ಹೇಗಿರುತ್ತದೆ ಎಂದು ಹಿರಿಯವಳಿಗೆ ಗೊತ್ತಿತ್ತು.

ಮಧ್ಯಾಹ್ನ ಕಿರಿಯವಳು ಅವಳ ಹತ್ತಿರ ಬಂದಳು. ಅತ್ತಿದ್ದ ಕಣ್ಣು. "ಅಕ್ಕ, ನಿಮ್ಮ ಕೈಲಿ ಅದೇನಿದೆ ಅಂತ ನನಗೂ ಒಂಚೂರು ಹೇಳಿಕೊಡಿ. ನಾನು ಕಲೀತೀನಿ" ಎಂದಳು.

ಹಿರಿಯವಳು "ತಡಿ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಪ್ಲಗ್ ಕಿತ್ತಳು. ಇಕ್ಕಳ ತೆಗೆದುಕೊಂಡಳು. ಓವನ್ ಆರಿದ ಮೇಲೆ ಕೈ ಒಳಗೆ ಹಾಕಿದಳು. ಕಡ್ಡಿ ಬೆರಳಿಗೆ ಸಿಕ್ಕಿತು. ಎತ್ತಿ ಕೂರಿಸಿದರೆ ಮುಗಿಯಿತು. ಇನ್ನೊಂದು ಸಲ ಮಾಡಿನೋಡು ಎಂದು ಕಿರಿಯವಳಿಗೆ ಹೇಳಿದರೆ ಅವಳ ಬಿಸ್ಕತ್ತೂ ಹೊಂಬಣ್ಣಕ್ಕೆ ಬರುತ್ತದೆ. ಅವಳ ಕೈಯೂ ಪಳಗಿತು ಎನ್ನುತ್ತಾರೆ. ಯಾರಿಗೂ ನೋವಿಲ್ಲ. ತನ್ನ ಹೆಸರೂ ಉಳಿಯುತ್ತದೆ. ಮುಂದಿನ ಆಯುಧಪೂಜೆಗೆ ಮತ್ತೆ ನೋಡಿಕೊಂಡರಾಯಿತು.

ಅವಳು ಕೈಯನ್ನು ಹಾಗೆಯೇ ಒಳಗಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಕಡ್ಡಿಯನ್ನು ಇದ್ದಲ್ಲಿಯೇ ಬಿಟ್ಟು ಕೈ ಹೊರಗೆ ತೆಗೆದಳು.

"ಅತ್ತೆ, ಇಲ್ಲಿ ಬನ್ನಿ. ಒಳಗೆ ನೋಡಿ" ಎಂದು ಕೂಗಿದಳು. ಕಿರಿಯವಳನ್ನೂ ಕರೆದಳು.

ಅತ್ತೆ ಮಂಡಿ ಹಿಡಿದುಕೊಂಡು ಬಗ್ಗಿದಳು. ಹಿರಿಯವಳು ಟಾರ್ಚ್ ಹಾಕಿ ಜೋತುಬಿದ್ದ ಕಡ್ಡಿ ತೋರಿಸಿದಳು. ಗಂಟು ತೋರಿಸಿದಳು. ಹೂವು ಎಳೆದಾಗ ಏನಾಯಿತೆಂದು ಹೇಳಿದಳು.

ಅತ್ತೆ ಬಹಳ ಹೊತ್ತು ನೋಡಿದಳು. "ಹಂಗಾದ್ರೆ ಹೋದ ವರ್ಷ?" ಎಂದಳು.

"ಹೋದ ವರ್ಷನೂ ಇದೇ."

"ಆಗಲೇ ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮ ಪೂಜೆ. ಹೇಳೋಕೆ ಭಯ ಆಯ್ತು."

"ಆಮೇಲಾದ್ರೂ ಹೇಳಬಹುದಿತ್ತಲ್ಲ."

"ಆಮೇಲೆ ನೀವೆಲ್ಲ ಹೊಗಳೋಕೆ ಶುರುಮಾಡಿದ್ರಿ" ಎಂದಳು ಸೊಸೆ.

ಕಿರಿಯವಳು ಹಿರಿಯವಳ ಮುಖ ನೋಡಿದಳು. ಆ ನೋಟದಲ್ಲಿ ಅಲ್ಲಿಯವರೆಗೂ ಇದ್ದ ಬೆರಗು ಇರಲಿಲ್ಲ. ಅತ್ತೆ ಗೋಡೆ ಹಿಡಿದು ಮೇಲೆದ್ದಳು. ಸೆರಗಿನಿಂದ ಹಣೆ ಒರೆಸಿಕೊಂಡಳು.

"ಸರಿ ಮತ್ತೆ. ಇನ್ಮೇಲೆ ಹೂವನ್ನ ಎಲ್ಲಿ ಕಟ್ಟೋದು, ಅದನ್ನ ಹೇಳು" ಎಂದಳು.

ಹೂವನ್ನು ಓವನ್ನಿನ ಮೇಲೆ ತಟ್ಟೆಯಲ್ಲಿಡುವುದು ಎಂದಾಯಿತು. ಹಿರಿಯವಳು ಕಡ್ಡಿಯನ್ನು ಕ್ಲಿಪ್ಪಿಗೆ ಕೂರಿಸಲು ಹೋದಾಗ ಸಡಿಲವಾಗಿದ್ದ ಕ್ಲಿಪ್ಪು ಮುರಿಯಿತು. ಹಳೆಯ ತಗಡಿನಲ್ಲಿ ಹೊಸದು ಮಾಡಿಸಿದರು. ಈ ಸಲ ಕೂರಿಸಿದವಳು ಕಿರಿಯವಳು. ಹಿರಿಯವಳು ಟಾರ್ಚ್ ಹಿಡಿದಳು. ಬಿಸ್ಕತ್ತು ಬಂತು. ಬಲಿಪಾಡ್ಯಮಿಯ ದಿನ ಹೊಸ ಅಂಗಡಿಯಲ್ಲಿ ಕಿರಿಯವಳೇ ಬಟ್ಟೆ ಅಳೆದು ಕೊಟ್ಟಳು. ಆ ವರ್ಷ ಅಲ್ಲಿ ವ್ಯಾಪಾರ ಎಲ್ಲ ಹೊಸ ಅಂಗಡಿಗಳಲ್ಲಿ ಆಗುವಷ್ಟೇ ಆಯಿತು.

ಅಲಮೇಲಮ್ಮನವರು ಇಲ್ಲಿಗೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಸರ್ವಮಂಗಳಾ ಒಪ್ಪುವಂತೆ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಮಾಧಾನವಿತ್ತು.

"ಅಂದರೆ ಕೊನೆಗಾದರೂ ಹೇಳಿದಳಲ್ಲ ಅಮ್ಮ. ಒಳ್ಳೆಯ ಮನಸ್ಸಿನವರು ಹೊತ್ತು ಬಂದಾಗ ಹೇಳಿಯೇ ಹೇಳುತ್ತಾರೆ ಎಂದಾಯಿತು" ಎಂದಳು.

ಅಲಮೇಲಮ್ಮನವರು ಅವಳನ್ನು ನೋಡಿದರು.

"ಕಿರಿಯವಳು ಆ ಮನೆಗೆ ಬರದೇ ಇದ್ದಿದ್ದರೆ ಅವಳು ಎಂದಾದರೂ ಹೇಳುತ್ತಿದ್ದಳೇನಮ್ಮ?"

ಆ ದಿನ ಶ್ಲೋಕ ಮುಂದುವರಿಯಲಿಲ್ಲ.

ಎಲ್ಲವನ್ನೂ ಪೂರ್ತಿಯಾಗಿ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ. ಹೊರಡುವಾಗ ಗುರುಗಳನ್ನು ತಡೆದು, ಆ ರಿಪೇರಿಗೆ ಒಟ್ಟು ಏನು ಖರ್ಚಾಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಬೇಡದೆ ಬದಲಾಯಿಸಿದ ಕಾಯಿಲ್ ಒಂದು. ಹಸಿಯಾಗಿ ಎಸೆದ ಬೆಣ್ಣೆ, ಹಿಟ್ಟು. ಹೊಸ ಕ್ಲಿಪ್ಪು ಒಂದು, ಅದು ಹಳೆಯ ತಗಡಿನ ತುಂಡಿನಿಂದಲೇ ಆಯಿತು. ಹಿರಿಯ ಸೊಸೆಯನ್ನು ಆಮೇಲೆ ಯಾರೂ ಯಾವುದಕ್ಕೂ ಮೊದಲ ಕೈ ಹಾಕಲು ಕರೆಯಲಿಲ್ಲ.